ಹಂಪೆಯ ಬೀದಿಯಿಂದ ಸಂಡೂರು ಘಟ್ಟಕ್ಕೆ

ಬೆಳಗಿನ ಬಿಸಿಲು ಮಾತಂಗ ಪರ್ವತದ ಬಂಡೆಗಳನ್ನು ದಾಟಿ ವಿರೂಪಾಕ್ಷ ದೇವಾಲಯದ ಹಿರಿಯ ಗೋಪುರವನ್ನು ಮುಟ್ಟುವ ಹೊತ್ತಿಗೆ ಹಂಪಿ ಬಜಾರಿನ ಕಲ್ಲುಕಂಬಗಳು ಒಂದೊಂದಾಗಿ ಬೆಳಕಿಗೆ ಬರುತ್ತವೆ. ಒಂದು ತುದಿಯಲ್ಲಿ ಗೋಪುರ, ಇನ್ನೊಂದು ತುದಿಯಲ್ಲಿ ಏಕಶಿಲೆಯ ಬಸವಣ್ಣ. ನಡುವೆ ನೇರವಾಗಿ ಹರಿದ ವಿಶಾಲವಾದ ರಾಜಬೀದಿ. ಈ ಮಂಟಪಗಳನ್ನು ಮನೆ, ಅಂಗಡಿಗಳನ್ನಾಗಿ ಮಾಡಿಕೊಂಡಿದ್ದ ಸಂಸಾರಗಳು 2011ರಲ್ಲಿ ತೆರವಾದವು. ಅಂದಿನಿಂದ ಬೀದಿಯಲ್ಲಿ ಮೌನವೇ ಹೆಚ್ಚು.

ವಿಜಯನಗರದ ವೈಭವದ ದಿನಗಳಲ್ಲಿ ಈ ರಾಜಧಾನಿಗೆ ಕುದುರೆಗಳ ಮೇಲಿದ್ದ ಮೋಹ ಲೋಕಪ್ರಸಿದ್ಧವಾಗಿತ್ತು. ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ವರ್ತಕ ನ್ಯೂನಿಜ್, ಅರಸನು ವರ್ಷವೊಂದಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಅವುಗಳಲ್ಲಿ ಉತ್ತಮವಾದವನ್ನು ತನ್ನ ಲಾಯಕ್ಕೇ ಇರಿಸಿಕೊಳ್ಳುತ್ತಿದ್ದನೆಂದೂ ಬರೆದಿಟ್ಟಿದ್ದಾನೆ. ಅವನ ಮಾತನ್ನು ನಂಬುವುದಾದರೆ, ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ಣ ಬೆಲೆಯನ್ನೇ ಕೊಡುತ್ತಿದ್ದನಂತೆ. ಶಕ್ತಿಗಾಗಿ ಮನುಷ್ಯನು ತೆರುವ ಬೆಲೆಗೆ ಇದಕ್ಕಿಂತ ಉದಾಹರಣೆ ಬೇಕೇ?

ಇಂದಿನ ಕುದುರೆಗಳು ಬಜಾರಿನ ಬಳಿಯ ವಾಹನ ನಿಲ್ದಾಣದಲ್ಲಿ ಸಾಲಾಗಿ ನಿಂತಿರುತ್ತವೆ. ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಅಲ್ಲಿ ಬೆಂಗಳೂರಿನ ತರುಣನೊಬ್ಬನ ಹಳೆಯ ಸ್ವಿಫ್ಟ್ ಡೀಸೆಲ್ ಕಾರು ನಿಂತಿತ್ತು. ಜೊತೆಯಲ್ಲಿ ಹೊಸಪೇಟೆಯ ಸೋದರಮಾವ. ಸಂಡೂರಿನ ಅದಿರು ಲಾರಿಗಳ ಚಕ್ರವನ್ನು ಮೂವತ್ತು ವರ್ಷ ಹಿಡಿದವರು. ದೇವರ ದರ್ಶನ ಮುಗಿಸಿ, ಹೊಸಪೇಟೆಯ ಮಾರ್ಗವಾಗಿ ಸಂಡೂರಿನ ಕುಮಾರಸ್ವಾಮಿಯ ಬೆಟ್ಟಕ್ಕೆ ಹೋಗುವುದು ಇಬ್ಬರ ಸಂಕಲ್ಪ. ಕಾರು ಕಮಲಾಪುರದ ರಸ್ತೆಗೆ ಇಳಿದು ಒಮ್ಮೆ ಮುನ್ನುಗ್ಗಿದೊಡನೆ ಮಾವನವರ ಕಿವಿ ನಿಮಿರಿತು.

“ಅಳಿಯಾ, ಇದು ಮೊದಲಿನ ಗಾಡಿ ಅಲ್ಲ. ಏನು ಮಾಡಿಸಿದಿ?”

“ಎಂಜಿನ್ನಿನ ಕಂಪ್ಯೂಟರಿನಲ್ಲಿ ಲೆಕ್ಕ ತಿದ್ದಿಸಿದೆ, ಮಾವ. ಒಂದು ಸ್ಪ್ಯಾನರನ್ನೂ ಮುಟ್ಟಿಲ್ಲ.”

ಆ ಲೆಕ್ಕ ತಿದ್ದುವುದೆಂದರೇನು ಎಂಬುದನ್ನು ತಿಳಿಯಲು ಮೊದಲು ಟರ್ಬೋ ಎಂಬ ಸಾಧನವನ್ನು ಅರಿಯಬೇಕು. ಎಂಜಿನ್ನು ಸುಡುವುದು ಬರಿಯ ಇಂಧನವನ್ನಲ್ಲ, ಇಂಧನದೊಡನೆ ಗಾಳಿಯನ್ನು. ಹೆಚ್ಚು ಗಾಳಿ ಒಳಗೆ ಹೋದರೆ ಹೆಚ್ಚು ಇಂಧನವನ್ನು ಸುಡಬಹುದು. ಹೊರಕ್ಕೆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಒಳದೂಡುವ ಉಪಾಯಕ್ಕೆ ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ 1905ರಲ್ಲಿ ಹಕ್ಕುಪತ್ರ ಪಡೆದನು. ಸಣ್ಣ ಕಾರುಗಳಲ್ಲಿ ಈ ಚಕ್ರವು ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಒತ್ತಡವು ಮಿತಿಮೀರದಂತೆ, ಹೆಚ್ಚಾದ ಹೊಗೆಯನ್ನು ಚಕ್ರದ ಪಕ್ಕದಿಂದ ಹರಿಯಬಿಡುವ ಒಂದು ಬಾಗಿಲೂ ಇರುತ್ತದೆ. ಅದಕ್ಕೆ ವೇಸ್ಟ್‌ಗೇಟ್ ಎಂದು ಹೆಸರು. ಅಣೆಕಟ್ಟೆಗೆ ಕ್ರಸ್ಟ್ ಗೇಟು ಹೇಗೋ ಹಾಗೆ.

ಎಷ್ಟು ಒತ್ತಡ, ಎಷ್ಟು ಇಂಧನ, ಯಾವ ಕ್ಷಣದಲ್ಲಿ ಎಂಬುದನ್ನೆಲ್ಲ ನಿರ್ಧರಿಸುವುದು ಎಂಜಿನ್ನಿನ ಗಣಕ. ಗಾಳಿಯ ಪ್ರಮಾಣ, ಅದರ ಉಷ್ಣ, ನೀರಿನ ಉಷ್ಣ, ಎಂಜಿನ್ನಿನ ವೇಗ, ಚಾಲಕನ ಕಾಲು ಒತ್ತಿದ ಬಗೆ ಇವೆಲ್ಲವನ್ನೂ ಅದು ಸೆನ್ಸರುಗಳ ಮೂಲಕ ಕ್ಷಣಕ್ಷಣವೂ ಕೇಳಿ ತಿಳಿಯುತ್ತದೆ. ಬಳಿಕ ತನ್ನೊಳಗಿನ ಕೋಷ್ಟಕಗಳನ್ನು ನೋಡುತ್ತದೆ. ಶಾಲೆಯ ಮಗ್ಗಿಯ ಪುಸ್ತಕದಂತೆ ಅಲ್ಲಿ ಅಡ್ಡಸಾಲು, ಉದ್ದಸಾಲುಗಳಿವೆ: ಇಷ್ಟು ವೇಗಕ್ಕೆ, ಇಷ್ಟು ಭಾರಕ್ಕೆ, ಇಷ್ಟು ಇಂಧನ. ಟ್ಯೂನಿಂಗ್ ಮಾಡುವವನು ಚಕ್ರದ ಬಳಿಯ ಹಲಗೆಯ ಕೆಳಗಿರುವ ಜೋಡಣೆಯಿಂದ ಈ ಪುಸ್ತಕವನ್ನು ಓದಿಕೊಂಡು, ಅಂಕಿಗಳನ್ನು ಹಿಗ್ಗಿಸಿ, ಮತ್ತೆ ಒಳಗೆ ಬರೆಯುತ್ತಾನೆ. ಟರ್ಬೋ ಇಲ್ಲದ ಕಾರಿನಲ್ಲಿ ಇದರಿಂದ ಸಿಗುವುದು ಅತ್ಯಲ್ಪ. ಟರ್ಬೋ ಕಾರಿನಲ್ಲಿ ಗಾಳಿಯೇ ಅಂಕಿಯ ಆಜ್ಞೆಗೆ ಒಳಪಟ್ಟಿರುವುದರಿಂದ ಅಶ್ವಶಕ್ತಿಯು ಐದನೆಯ ಒಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಮಿಕ್ಕಿ, ಏರುತ್ತದೆ.

ಹಾಗಾದರೆ ಕಾರು ಮಾಡಿದವರೇ ಅದನ್ನು ಏಕೆ ಕೊಡಲಿಲ್ಲ? ತರುಣನ ಕಾರಿನಲ್ಲೇ ಉತ್ತರವಿತ್ತು. ಇದೇ 1.3 ಲೀಟರಿನ ಫಿಯಟ್ ಎಂಜಿನ್ನು ಸ್ವಿಫ್ಟ್ ಕಾರಿನಲ್ಲಿ 75 ಅಶ್ವಶಕ್ತಿ ಕೊಡುತ್ತಿತ್ತು, ಎರ್ಟಿಗಾದಲ್ಲಿ 90. ಆ ಹದಿನೈದು ಕುದುರೆಗಳನ್ನು ಕಟ್ಟಲು ತಯಾರಕರು ಬರಿಯ ಅಂಕಿಯನ್ನು ತಿದ್ದಿ ಸುಮ್ಮನಾಗಲಿಲ್ಲ. ಬೇರೆ ಬಗೆಯ ಟರ್ಬೋವನ್ನೇ ಇಟ್ಟರು. ಕಾಶ್ಮೀರದ ಚಳಿಗೂ ಬಳ್ಳಾರಿಯ ಬಿಸಿಲಿಗೂ, ಒಳ್ಳೆಯ ಡೀಸೆಲಿಗೂ ಕಲಬೆರಕೆಗೂ, ಎಣ್ಣೆ ಬದಲಿಸಲು ಮರೆಯುವ ಒಡೆಯನಿಗೂ ಒಂದೇ ಕಾರು ಸಾಲಬೇಕು. ಅದಕ್ಕಾಗಿ ಅವರು ಒಂದಿಷ್ಟು ಅಂತರವನ್ನು ಉಳಿಸಿಟ್ಟಿರುತ್ತಾರೆ. ಟ್ಯೂನಿಂಗ್ ಎಂದರೆ ಆ ಉಳಿತಾಯದಿಂದ ಖರ್ಚು ಮಾಡುವುದು.

ಹೊಸಪೇಟೆಯನ್ನು ದಾಟುವ ಮುನ್ನ ಮಾವನವರು ತುಂಗಭದ್ರಾ ಅಣೆಕಟ್ಟೆಯ ಬಳಿ ಕಾರನ್ನು ನಿಲ್ಲಿಸಿದರು. ಬೇಸಗೆಯಾದ್ದರಿಂದ ನೀರು ಹಿಂದೆ ಸರಿದಿತ್ತು. 33 ಗೇಟುಗಳು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. 1953ರಲ್ಲಿ ಪೂರ್ಣಗೊಂಡ ಈ ಕಟ್ಟೆಯ 19ನೆಯ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದುದು ನಾಡಿಗೆಲ್ಲ ತಿಳಿದ ಸಂಗತಿ. ಮಳೆಗೆ ಭರ್ತಿಯಾಗಿದ್ದ ಜಲಾಶಯದ ನೀರು ರೈತರ ಕಣ್ಣೆದುರೇ ಹೊಳೆಗೆ ಹರಿಯಿತು. ತುಂಬು ಪ್ರವಾಹದ ನಡುವೆಯೇ ತಾತ್ಕಾಲಿಕ ತಡೆಯನ್ನು ಇಳಿಸಲು ಒಂದು ವಾರ ಹಿಡಿಯಿತು.

“ಕಟ್ಟೆ ಒಡೆಯಲಿಲ್ಲ, ಅಳಿಯಾ. ಚೈನಿನ ಒಂದು ಕೊಂಡಿ ಕಡಿಯಿತು. ಎಪ್ಪತ್ತು ವರ್ಷ ದುಡಿದ ಕೊಂಡಿ. ನಿನ್ನ ಗಾಡಿಯಲ್ಲಿ ಕೊಂಡಿ ಯಾವುದು, ಕೇಳಿದಿಯಾ?”

ತರುಣನು ಕೇಳಿರಲಿಲ್ಲ. ಹೊಸ ಅಂಕಿಯು ಎಂಜಿನ್ನಿಗೆ ಮಾತ್ರ ಹೆಚ್ಚು ಕೆಲಸ ಕೊಡುವುದಿಲ್ಲ. ಟರ್ಬೋವಿನ ದಂಡಕ್ಕೆ, ಅದಕ್ಕೆ ಎಣ್ಣೆ ತರುವ ಸಣ್ಣ ಕೊಳವೆಗೆ, ಪಿಸ್ಟನ್ನಿಗೆ, ಕ್ಲಚ್ಚಿಗೆ, ಗೇರಿಗೆ, ಕೊನೆಗೆ ಬ್ರೇಕಿಗೂ ಅದರ ಭಾರ ಹಂಚಿಹೋಗುತ್ತದೆ. ಹಳೆಯ ಕಾರಿನಲ್ಲಿ ಮೊದಲು ಜಾರುವುದು ಸಾಮಾನ್ಯವಾಗಿ ಕ್ಲಚ್ಚು. ಪೆಟ್ರೋಲ್ ಕಾರಾದರೆ ಇಂಧನವು ಹೊತ್ತಿಗೆ ಮುನ್ನವೇ ತಾನಾಗಿ ಸಿಡಿದು ಪಿಸ್ಟನ್ನಿಗೆ ಸುತ್ತಿಗೆಯೇಟು ಬೀಳುವ ಅಪಾಯವೂ ಉಂಟು.

ಸಂಡೂರಿನ ರಸ್ತೆ ಏರತೊಡಗಿತು. ಎರಡೂ ಬದಿಗೆ ಕೆಂಪು ಗುಡ್ಡಗಳು. ಮುಂದೆ ಅದಿರು ಲಾರಿಗಳ ಸಾಲು. ಮರದ ಎಲೆಗಳ ಮೇಲೂ ಕಬ್ಬಿಣದ ಧೂಳು. ಮಧ್ಯಾಹ್ನದ ಹೊತ್ತಿಗೆ ಉಷ್ಣ 40 ಡಿಗ್ರಿಯನ್ನು ದಾಟಿತ್ತು. ಅಂಥ ಬಿಸಿಲಿನ ಗಾಳಿಯು 15 ಡಿಗ್ರಿಯ ಗಾಳಿಗಿಂತ ಶೇಕಡಾ ಎಂಟರಷ್ಟು ತೆಳುವಾಗಿರುತ್ತದೆ. ಗಣಕವು ಕೇಳಿದ ಒತ್ತಡವನ್ನು ತಂದೊಪ್ಪಿಸಲು ಟರ್ಬೋ ಇನ್ನೂ ವೇಗವಾಗಿ ಸುತ್ತಬೇಕು. ಒತ್ತಿದ ಗಾಳಿ ಇನ್ನಷ್ಟು ಕಾಯುತ್ತದೆ. ಧೂಳು ಕಟ್ಟಿದ ಶೋಧಕ ಅದಕ್ಕೆ ಅಡ್ಡಬರುತ್ತದೆ. ಮೂಲದ ಕೋಷ್ಟಕದಲ್ಲಿ ಇದಕ್ಕೂ ಮದ್ದಿದೆ: ಕಾವು ಏರಿದಾಗ ಇಂಧನವನ್ನು ಕಡಿಮೆಮಾಡು ಎಂಬ ಕಟ್ಟಳೆ. ಬಲ್ಲ ಟ್ಯೂನರನು ಈ ಕಟ್ಟಳೆಗಳನ್ನು ಮುಟ್ಟುವುದಿಲ್ಲ; ಕಾರನ್ನು ಉರುಳೆಗಳ ಮೇಲೆ ಓಡಿಸಿ, ಶಕ್ತಿಯನ್ನು ಅಳೆದು, ಮೂಲ ಪ್ರತಿಯನ್ನು ಜೋಪಾನವಾಗಿಟ್ಟು ಕೊಡುತ್ತಾನೆ. ಅರೆತಿಳಿದವನು ಕಟ್ಟಳೆಯನ್ನೇ ಅಳಿಸಿ, “ನೋಡಿ, ಹೇಗೆ ಓಡುತ್ತದೆ!” ಎನ್ನುತ್ತಾನೆ. ಬೆಂಗಳೂರಿನ ತಂಪಿನಲ್ಲಿ ಇಬ್ಬರ ಕೆಲಸವೂ ಒಂದೇ ತೆರನಾಗಿ ಕಾಣುತ್ತದೆ. ಭೇದ ತಿಳಿಯುವುದು ಇಂಥ ಘಟ್ಟದಲ್ಲಿ.

ಇದರಲ್ಲಿ ಪರರ ಪಾಲೂ ಇದೆ. ಹೆಚ್ಚಿಗೆ ಸುರಿದ ಡೀಸೆಲ್ ಪೂರ್ತಿ ಸುಡದಿದ್ದರೆ ಕರಿಹೊಗೆಯಾಗಿ ಹಿಂದೆ ಬರುವ ಬೈಕಿನವನ ಮುಖಕ್ಕೆ ಬಡಿಯುತ್ತದೆ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿಯುವ ಜಾಲರಿ ಬೇಗನೆ ಕಟ್ಟಿಕೊಳ್ಳುತ್ತದೆ. ನೋಂದಣಿ ಪತ್ರದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ತಡೆಯುತ್ತದೆ. 2019ರ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಟಿಗೆ ತಲಾ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ತಯಾರಕರ ಭರವಸೆಯ ಅವಧಿ ಇನ್ನೂ ಉಳಿದಿದ್ದರೆ ಅದನ್ನೂ ಕಳೆದುಕೊಳ್ಳುವ ಭಯ ಬೇರೆ.

ಬೆಟ್ಟದ ಮೇಲೆ ಕಾರು ಸುಖವಾಗಿಯೇ ತಲುಪಿತು. ಆದರೆ ಕೊನೆಯ ತಿರುವಿನಲ್ಲಿ ಎಂಜಿನ್ನಿನ ಸದ್ದು ಏರಿದರೂ ಕಾರಿನ ವೇಗ ಏರಲಿಲ್ಲ. ಸುಟ್ಟ ವಾಸನೆಯೊಂದು ಒಳಗೆ ಸುಳಿಯಿತು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ತರುಣನು ಕಾರು ನಿಲ್ಲಿಸಿ ಕೂಡಲೇ ಕೀಲಿ ತಿರುಗಿಸಹೋದಾಗ ಮಾವನವರು ಕೈ ಹಿಡಿದು ತಡೆದರು.

“ಒಂದು ನಿಮಿಷ ಹಾಗೇ ಇರಲಿ. ಟರ್ಬೋ ಕಾದಿದೆ, ಎಣ್ಣೆ ಓಡಾಡಿ ಆರಲಿ.”

ಪಾರ್ವತಿ, ಕುಮಾರಸ್ವಾಮಿಯರ ಪುರಾತನ ಗುಡಿಗಳ ಸುತ್ತ ಆ ಬಿರುಬೇಸಗೆಯಲ್ಲೂ ತಂಪಿತ್ತು. ದರ್ಶನ ಮುಗಿಸಿ ಹೊರಬಂದ ತರುಣನು ಮಂಟಪದ ನೆರಳಿನಲ್ಲಿ ಕುಳಿತು ಬಹಳ ಹೊತ್ತು ಮಾತನಾಡಲಿಲ್ಲ. ದಸರೆಗೆ ಹೆಂಡತಿ, ಮಕ್ಕಳು, ತಾಯಿಯನ್ನು ಇದೇ ಕಾರಿನಲ್ಲಿ ಇದೇ ದಾರಿಯಾಗಿ ಕರೆತರುವೆನೆಂದು ಅವನು ಮಾತು ಕೊಟ್ಟಿದ್ದನು.

“ಮಾವ, ಹಳೆಯ ಲೆಕ್ಕದ ಪ್ರತಿ ಅವರ ಹತ್ತಿರ ಇದೆ. ಬೆಂಗಳೂರಿಗೆ ಹೋದೊಡನೆ ಅದನ್ನೇ ಬರೆಸಿಬಿಡುತ್ತೇನೆ.”

“ಬರೆಸು. ಕ್ಲಚ್ಚನ್ನೂ ತೋರಿಸು,” ಎಂದರು ಮಾವನವರು. ಇಳಿಯುವ ದಾರಿಯಲ್ಲಿ ಕಾರು ಅದಿರು ಲಾರಿಗಳ ಹಿಂದೆ, ಅವುಗಳ ವೇಗಕ್ಕೇ ಹೊಂದಿಕೊಂಡು, ನಿಧಾನವಾಗಿ ಹೊಸಪೇಟೆಯ ಕಡೆಗೆ ಸಾಗಿತು.