ಅವರೆಕಾಯಿಯ ಲೆಕ್ಕ

ಕಳೆದ ಡಿಸೆಂಬರ್ (2025) ತಿಂಗಳಿನಲ್ಲಿ ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ದೂರವಾಣಿ ಮಾಡಿದರು. "ಸಾರ್, ಶನಿವಾರ ಶಾಲೆಯಲ್ಲಿ ಮೆಟ್ರಿಕ್ ಮೇಳ ಇಟ್ಟುಕೊಂಡಿದ್ದೇವೆ. ತಾವು ಇದೇ ಶಾಲೆಯಲ್ಲಿ ಓದಿದವರು. ಬಂದು ಮಕ್ಕಳಿಗೆ ಬಹುಮಾನ ಕೊಡಬೇಕು" ಎಂದರು. ನಿವೃತ್ತನಾಗಿ ಹಾಸನದಲ್ಲಿ ನೆಲೆಸಿದ ಮೇಲೆ ನನ್ನನ್ನು ಇಂತಹ ಕಾರ್ಯಕ್ರಮಗಳಿಗೆ ಕರೆಯುವವರು ಕಡಿಮೆ. ಸಂತೋಷದಿಂದಲೇ ಒಪ್ಪಿಕೊಂಡೆ. ಅರಸೀಕೆರೆ ಸೀಮೆಯ ಆ ಊರಿಗೆ ಹೋಗದೆ ಎರಡು ವರ್ಷಗಳಾಗಿದ್ದವು.

ನಾನು ಓದುವಾಗ ಆ ಶಾಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳಿದ್ದೆವು. ಈಗ ಒಂದರಿಂದ ಏಳನೆಯ ತರಗತಿಯವರೆಗೆ ಒಟ್ಟು ನಲವತ್ತಾರು ಮಂದಿ. ಉಳಿದವರನ್ನು ಬೆಳಿಗ್ಗೆ ಹಳದಿ ಬಣ್ಣದ ವ್ಯಾನು ಬಂದು ಪಟ್ಟಣದ ಕಾನ್ವೆಂಟಿಗೆ ಕರೆದೊಯ್ಯುತ್ತದೆ. ಆದರೂ ಮುಖ್ಯೋಪಾಧ್ಯಾಯಿನಿಯವರು ಈ ವರ್ಷದ ಸಾಧನೆಗಳ ಪಟ್ಟಿಯನ್ನು ಉತ್ಸಾಹದಿಂದ ಓದಿದರು. ಪ್ರತಿಭಾ ಕಾರಂಜಿಯಲ್ಲಿ ಮೂರನೆಯ ತರಗತಿಯ ಬಾಲಕನೊಬ್ಬ ಕಥೆ ಹೇಳುವುದರಲ್ಲಿ ಕ್ಲಸ್ಟರಿಗೆ ಮೊದಲಿಗನಾಗಿದ್ದಾನೆ. ಬಾಲಕಿಯರ ಖೋಖೋ ತಂಡ ಹೋಬಳಿ ಮಟ್ಟದಲ್ಲಿ ಗೆದ್ದು ತಾಲ್ಲೂಕಿಗೆ ಹೋಗಿ ಬಂದಿದೆ. ಮಕ್ಕಳೇ ಮಾಡಿದ ಕೈತೋಟದ ನುಗ್ಗೆಸೊಪ್ಪು, ಬಸಳೆ, ಕರಿಬೇವು ಬಿಸಿಯೂಟದ ಸಾರಿಗೆ ಬೀಳುತ್ತಿವೆ. ಪಟ್ಟಿ ಚೆನ್ನಾಗಿತ್ತು, ನಾನೂ ಚಪ್ಪಾಳೆ ತಟ್ಟಿದೆ. ಆದರೆ ಅಂದು ನಾನು ಕಂಡ ನಿಜವಾದ ಸಾಧನೆ ಆ ಪಟ್ಟಿಯಲ್ಲಿ ಇರಲಿಲ್ಲ.

ಅದನ್ನು ಹೇಳುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಇದನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಅದು ಗೊತ್ತಿರುವುದೇ. ಮೂವತ್ತೆರಡು ವರ್ಷ ನಾನು ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದೆ. ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ಎಂಟನೆಯ ತರಗತಿಗೆ ಹೊಸದಾಗಿ ಬಂದವರನ್ನು ಒಬ್ಬೊಬ್ಬರಾಗಿ ಕಪ್ಪುಹಲಗೆಗೆ ಕರೆದು ಒಂದು ಭಾಗಾಕಾರ ಕೊಡುತ್ತಿದ್ದೆ. ಬಾರದವರು ಹಲಗೆಯ ಪಕ್ಕದಲ್ಲೇ ನಿಲ್ಲಬೇಕು. "ಏಳು ವರ್ಷ ನಿಮ್ಮ ಮೇಷ್ಟ್ರು ಏನು ಕಲಿಸಿದರೋ!" ಎಂಬುದು ನನ್ನ ಖಾಯಂ ಮಾತು. ಬುನಾದಿ ಹಾಕುವುದು ಪ್ರಾಥಮಿಕ ಶಾಲೆಯವರ ಕೆಲಸ, ಅದು ಆಗದಿದ್ದರೆ ನಾನೇನು ಮಾಡಲಿ ಎಂಬ ಧೋರಣೆ ನನ್ನದು. ಆ ಮಾತಿನಲ್ಲಿ ತಪ್ಪಿದೆಯೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಮೇಳ ಶಾಲೆಯ ಅಂಗಳದಲ್ಲೇ ನಡೆದಿತ್ತು. ಹುಡುಗರು ಗೋಣಿಚೀಲ ಹಾಸಿ ಸಾಲಾಗಿ ಅಂಗಡಿ ಹೂಡಿದ್ದರು. ತೆಂಗಿನಕಾಯಿ, ಸೊಪ್ಪು, ಕಡಲೆಕಾಯಿ, ಒಂದು ಕಡೆ ಚುರುಮುರಿ, ಇನ್ನೊಂದು ಕಡೆ ಮಜ್ಜಿಗೆ. ಅಳತೆ, ತೂಕ, ಹಣದ ಲೆಕ್ಕಗಳನ್ನು ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಎಂಬುದು ಇದರ ಉದ್ದೇಶ. ನಮ್ಮ ದೇಶದಲ್ಲಿ ದಶಮಾನ ನಾಣ್ಯ ಬಂದದ್ದು 1957ರಲ್ಲಿ. ಮೆಟ್ರಿಕ್ ತೂಕವೂ ಅದರ ಹಿಂದೆಯೇ ಜಾರಿಗೆ ಬಂತು. ಆದರೂ ನನ್ನ ಬಾಲ್ಯದಲ್ಲಿ ಅಜ್ಜಿ ಸೇರು, ಪಾವಿನಲ್ಲೇ ಅಳೆಯುತ್ತಿದ್ದರು. ಶಾಲೆಯಲ್ಲಿ ಕಿಲೋಗ್ರಾಂ, ಮನೆಯಲ್ಲಿ ಸೇರು. ಎರಡಕ್ಕೂ ಸಂಬಂಧವೇನೆಂದು ಯಾರೂ ನಮಗೆ ತೋರಿಸಿಕೊಟ್ಟಿರಲಿಲ್ಲ.

ಅವರೆಕಾಯಿಯ ರಾಶಿಯ ಮುಂದೆ ಆರನೆಯ ತರಗತಿಯ ಹುಡುಗಿಯೊಬ್ಬಳು ತಕ್ಕಡಿ ಹಿಡಿದು ಕುಳಿತಿದ್ದಳು. ಕಿಲೋಗೆ ಎಪ್ಪತ್ತು ರೂಪಾಯಿ ಎಂದಳು. ಹಳೆಯ ಚಾಳಿ ಬಿಡಲಿಲ್ಲ, ಪರೀಕ್ಷಿಸುವ ಮನಸ್ಸಾಯಿತು. "ಆರುನೂರ ಐವತ್ತು ಗ್ರಾಂ ಕೊಡಮ್ಮ" ಎಂದೆ. ಎಪ್ಪತ್ತನ್ನು ಆರುನೂರ ಐವತ್ತರಿಂದ ಗುಣಿಸಿ ಸಾವಿರದಿಂದ ಭಾಗಿಸುವುದು ನಾನು ಕಲಿಸಿದ ಕ್ರಮ. ಅವಳು ಅದಾವುದನ್ನೂ ಮಾಡಲಿಲ್ಲ. ಅರ್ಧ ಕಿಲೋದ ಕಲ್ಲನ್ನು ತಕ್ಕಡಿಗೆ ಇಡುತ್ತ "ಮೂವತ್ತೈದು" ಎಂದಳು. ನೂರು ಗ್ರಾಂ ಇಟ್ಟು "ಏಳು, ನಲವತ್ತೆರಡಾಯ್ತು" ಎಂದಳು. ಐವತ್ತು ಗ್ರಾಂ ಇಟ್ಟು "ಮೂರೂವರೆ. ಎಲ್ಲಾ ಸೇರಿ ನಲವತ್ತೈದೂವರೆ" ಎಂದವಳು, ನನ್ನ ಮುಖ ನೋಡಿ, "ಎಂಟಾಣೆ ಚಿಲ್ಲರೆ ಯಾರ ಹತ್ರಾನೂ ಇರಲ್ಲ ಅಜ್ಜಾ, ನಲವತ್ತೈದೇ ಕೊಡಿ" ಎಂದಳು. ತೂಕದ ಕಲ್ಲುಗಳೇ ಅವಳಿಗೆ ಲೆಕ್ಕದ ಹೆಜ್ಜೆಗಳಾಗಿದ್ದವು.

ಆಮೇಲೆ ಅವಳ ವಿಷಯ ಕೇಳಿದಾಗ ಮುಖ್ಯೋಪಾಧ್ಯಾಯಿನಿಯವರು ಹೇಳಿದ್ದು ಇಷ್ಟು. ಆ ಹುಡುಗಿ ಒಂದನೆಯ ತರಗತಿಗೆ ಸೇರಿದ್ದು 2020ರಲ್ಲಿ, ಕೊರೋನಾ ಕಾಲದಲ್ಲಿ. ಶಾಲೆ ಮುಚ್ಚಿತ್ತು. ವಿದ್ಯಾಗಮ ನಡೆದಾಗ ಅರಳಿಕಟ್ಟೆಯ ಮೇಲೆ ಕೆಲವು ದಿನ ಕುಳಿತಳು; ಅದೂ ನಿಂತಿತು. ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದು ಅವಳು ಎರಡನೆಯ ತರಗತಿಯ ವಿದ್ಯಾರ್ಥಿನಿ. ಆದರೆ ಅಕ್ಷರ ಗೊತ್ತಿಲ್ಲ, ಹತ್ತರಾಚೆಗಿನ ಎಣಿಕೆ ಗೊತ್ತಿಲ್ಲ.

ನಲಿ-ಕಲಿ ಪದ್ಧತಿ ಅವಳ ಕೈ ಹಿಡಿಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿಯನ್ನು ನಾವು ಪ್ರೌಢಶಾಲೆಯವರು "ಅದೇನು ಆಟವೋ ಪಾಠವೋ" ಎಂದು ನಗುತ್ತಿದ್ದೆವು. ಅಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು. ಒಂದನ್ನು ಕಲಿತ ಮೇಲೆ ಮುಂದಿನ ಕಾರ್ಡು. ಹಿಂದೆ ಬಿದ್ದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. 2022-23ರಲ್ಲಿ ಬಂದ ಕಲಿಕಾ ಚೇತರಿಕೆ ಕಾರ್ಯಕ್ರಮವೂ ಅದಕ್ಕೆ ನೆರವಾಯಿತು. ನಾಲ್ಕನೆಯ ತರಗತಿಗೆ ಬಂದಾಗ ಅವಳು ಓದತೊಡಗಿದ್ದಳು. ಮಗ್ಗಿ ಮಾತ್ರ ನಾಲಿಗೆಗೆ ಹತ್ತಿರಲಿಲ್ಲ. ಒಬ್ಬ ಶಿಕ್ಷಕಿ ಎರಡು ವರ್ಷ ದಿನವೂ ಊಟದ ನಂತರದ ಹತ್ತು ನಿಮಿಷವನ್ನು ಅವಳಿಗೆ ಮತ್ತು ಅವಳಂತಹ ಮೂವರಿಗೆ ಮೀಸಲಿಟ್ಟು ಹುಣಸೆ ಬೀಜ ಹಂಚಿಸುತ್ತ ಭಾಗಾಕಾರ ಕಲಿಸಿದರಂತೆ. ಇದಕ್ಕೆ ಯಾವ ಸ್ಪರ್ಧೆಯೂ ಇಲ್ಲ, ಬಹುಮಾನವೂ ಇಲ್ಲ.

ಅಷ್ಟರಲ್ಲಿ ಹುಡುಗಿಯ ತಂದೆ ಇನ್ನೊಂದು ಚೀಲ ಅವರೆಕಾಯಿ ಹೊತ್ತು ತಂದು ಇಳಿಸಿದ. ನನ್ನನ್ನು ನೋಡಿ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ. "ನಮಸ್ಕಾರ ಸಾರ್. ಗುರುತು ಸಿಕ್ತಾ?" ಎಂದ. ನನಗೆ ಸಿಗಲಿಲ್ಲ. "2000ನೇ ಇಸವೀಲಿ ಎಂಟನೇ ಕ್ಲಾಸಿಗೆ ಬಂದಿದ್ದೆ ಸಾರ್. ಭಾಗಾಕಾರ ಬರಲ್ಲ ಅಂತ ಬೋರ್ಡ್ ಪಕ್ಕ ನಿಲ್ಲಿಸ್ತಿದ್ರಲ್ಲ. ದಸರಾ ರಜಕ್ಕೆ ಹೋದವನು ಮತ್ತೆ ಬರಲೇ ಇಲ್ಲ" ಎಂದು ನಕ್ಕ. ದೂರುವ ದನಿಯಲ್ಲ ಅದು. ಹಳೆಯ ಮೇಷ್ಟ್ರಿಗೆ ನೆನಪು ಬರಲಿ ಎಂದು ಹೇಳಿದ ಗುರುತು, ಅಷ್ಟೇ. "ತಪ್ಪು ನಂದೇ ಬಿಡಿ ಸಾರ್, ತಲೆಗೆ ಹತ್ತಲಿಲ್ಲ" ಎಂದೂ ಸೇರಿಸಿದ.

ನಾನು ಏನು ಹೇಳಲಿ? ಅವನು ಬಾರದೇ ಹೋದಾಗ ಹಾಜರಿ ಪುಸ್ತಕದಲ್ಲಿ "ದೀರ್ಘ ಗೈರುಹಾಜರಿ" ಎಂದು ಬರೆದು ಸಹಿ ಹಾಕಿದ ಕೈ ನನ್ನದೇ ಇರಬೇಕು. ಹತ್ತು ನಿಮಿಷ, ಒಂದು ಹಿಡಿ ಹುಣಸೆ ಬೀಜ ನನ್ನ ಬಳಿಯೂ ಇದ್ದವು. "ತಪ್ಪು ನಿನ್ನದಲ್ಲಪ್ಪ, ನನ್ನದು" ಎಂದೆ. ಅವನು ಗಾಬರಿಯಾಗಿ "ಅಯ್ಯೋ, ಹಂಗನ್ನಬೇಡಿ ಸಾರ್" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳ ಕಡೆ ನೋಡುತ್ತ, "ಇನ್ನೊಂದೂವರೆ ವರ್ಷಕ್ಕೆ ಇವಳೂ ಹೈಸ್ಕೂಲಿಗೆ ಹೋಗ್ತಾಳೆ ಸಾರ್. ಅಲ್ಲಿ ಹೆಂಗೋ ಏನೋ" ಎಂದ. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ವೇದಿಕೆಯ ಮೇಲೆ ಮಾತನಾಡಲು ಬರೆದುಕೊಂಡು ಹೋಗಿದ್ದ ಚೀಟಿಯನ್ನು ಜೇಬಿನಿಂದ ತೆಗೆಯಲಿಲ್ಲ. ಆ ಶಿಕ್ಷಕಿಯನ್ನು ಮುಂದೆ ಕರೆದು ಮಕ್ಕಳೆದುರು ಕೈಮುಗಿದೆ. ಬಹುಮಾನಗಳನ್ನು ಅವರಿಂದಲೇ ಕೊಡಿಸಿದೆ.

ಮನೆಗೆ ಬಂದು ನನ್ನ ಶ್ರೀಮತಿ ಅವರೆಕಾಯಿಯನ್ನು ತೂಗಿ ನೋಡಿದರು. ಏಳುನೂರು ಗ್ರಾಂ ಚಿಲ್ಲರೆ ಇತ್ತು. ಹುಡುಗಿ ತೂಕವಾದ ಮೇಲೆ ಒಂದು ಹಿಡಿ ಕೊಸರು ಹಾಕಿದ್ದಳು, ನಾನು ಗಮನಿಸಿರಲಿಲ್ಲ. ಪಾಠದಲ್ಲಿ ನಾನೆಂದೂ ಕೊಸರು ಕೊಟ್ಟವನಲ್ಲ. ಪಠ್ಯಕ್ರಮದ ತೂಕಕ್ಕೆ ಸರಿಯಾಗಿ ತೂಗಿ ಕೊಟ್ಟವನು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಪ್ರೌಢಶಾಲೆಯ ಶಿಕ್ಷಕರಾಗಿದ್ದೀರಿ. ಜೂನ್ ತಿಂಗಳಿನಲ್ಲಿ ಎಂಟನೆಯ ತರಗತಿಗೆ ಹೊಸ ಮಕ್ಕಳು ಬರುತ್ತಾರೆ. ಏನು ಬರುವುದಿಲ್ಲ ಎಂದು ಕೇಳುವ ಮೊದಲು ಏನು ಬರುತ್ತದೆ ಎಂದು ಕೇಳಿ. ಯಾರನ್ನೂ ಹಲಗೆಯ ಪಕ್ಕ ನಿಲ್ಲಿಸಬೇಡಿ. ನಿಮ್ಮಲ್ಲಿ ಯಾರನ್ನಾದರೂ ನಾನು ಹಾಗೆ ನಿಲ್ಲಿಸಿದ್ದರೆ, ಕ್ಷಮಿಸಿ.