ಸುಬೇದಾರರ ಕಾಲು, ಸಾಹಿತಿಯ ಮೂಗು

ಕೊಡಗಿನಲ್ಲಿ ನಾನು ಬ್ಯಾಂಕ್ ಗುಮಾಸ್ತನಾಗಿದ್ದಾಗ ತಿಂಗಳ ಮೊದಲ ವಾರ ಕೌಂಟರಿನ ಮುಂದೆ ಮಾಜಿ ಸೈನಿಕರದೇ ಸಾಲು. ಪಿಂಚಣಿಗೆ ಬರುತ್ತಿದ್ದ ವಯಸ್ಸಾದ ಸುಬೇದಾರರೊಬ್ಬರು ಕುಂಟುತ್ತಿದ್ದರು. ಬರ್ಮಾ ಯುದ್ಧದಲ್ಲಿ ಕಾಲಿಗೆ ಗುಂಡು ತಗುಲಿತ್ತೆಂದು ಊರೆಲ್ಲ ಹೇಳುತ್ತಿತ್ತು. ಒಂದು ದಿನ ನಾನೇ ಕೇಳಿಬಿಟ್ಟೆ.

ಅವರು ನಕ್ಕರು. "ಗುಂಡೂ ಇಲ್ಲ, ಗಿಂಡೂ ಇಲ್ಲ ಮಾರಾಯ. ಮಳೆಯಲ್ಲಿ ನಮ್ಮ ಲಾರಿ ಮಗುಚಿತು, ಅಷ್ಟೇ."

ನನಗೆ ನಿರಾಸೆಯೇ ಆಯಿತು.

ಮೊನ್ನೆ ಮೊಮ್ಮಗಳು 'ಮಟಿಲ್ಡಾ' ಕಾದಂಬರಿ ಓದುತ್ತಾ ಕೇಳಿದಳು: "ತಾತ, ಇದನ್ನು ಬರೆದ ರೋಲ್ಡ್ ಡಾಲ್ ಯುದ್ಧವಿಮಾನ ಓಡಿಸಿದ್ದರಂತೆ, ನಿಜವಾ?"

ನಿಜ. ಎರಡನೇ ಮಹಾಯುದ್ಧ ಶುರುವಾದಾಗ ಡಾಲ್ ಪೂರ್ವ ಆಫ್ರಿಕಾದಲ್ಲಿ ಪೆಟ್ರೋಲ್ ಕಂಪನಿಯೊಂದರ ನೌಕರ. 1939ರ ನವೆಂಬರಿನಲ್ಲಿ ನೈರೋಬಿಗೆ ಹೋಗಿ ಬ್ರಿಟಿಷ್ ವಾಯುಪಡೆ ಸೇರಿದರು. ಆರೂವರೆ ಅಡಿ ಎತ್ತರದ ಆಳು, ಪುಟ್ಟ ವಿಮಾನದೊಳಗೆ ಮೊಣಕಾಲು ಮಡಚಿಕೊಂಡೇ ಕೂರಬೇಕಿತ್ತು.

1940ರ ಸೆಪ್ಟೆಂಬರ್ 19ರ ಸಂಜೆ ಅವರು ಈಜಿಪ್ಟಿನ ಮರುಭೂಮಿಯ ಮೇಲೆ ಹಾರುತ್ತಿದ್ದರು. ಹೇಳಿಕಳಿಸಿದ್ದ ಜಾಗದಲ್ಲಿ ವಿಮಾನ ಇಳಿಸುವ ನೆಲೆಯೇ ಕಾಣಲಿಲ್ಲ. ಕತ್ತಲಾಗುತ್ತಿತ್ತು, ಇಂಧನ ಮುಗಿಯುತ್ತಿತ್ತು. ಕಲ್ಲುಮರಳಿನ ಮೇಲೆ ಇಳಿಸಲು ಹೋದಾಗ ವಿಮಾನ ಅಪ್ಪಳಿಸಿ ಹೊತ್ತಿಕೊಂಡಿತು. ತಲೆಬುರುಡೆ ಬಿರುಕು ಬಿಟ್ಟಿತು, ಮೂಗು ಜಜ್ಜಿಹೋಯಿತು, ಎಷ್ಟೋ ವಾರ ಕಣ್ಣೇ ಕಾಣಲಿಲ್ಲ. ಆದರೂ 1941ರ ಏಪ್ರಿಲಿನಲ್ಲಿ ಗ್ರೀಸಿನ ಆಕಾಶದಲ್ಲಿ ಮತ್ತೆ ಹಾರಿ ಹೋರಾಡಿದರು. ಕೊನೆಗೆ ಬಿಡದ ತಲೆನೋವಿನಿಂದಾಗಿ ಅವರನ್ನು ಊರಿಗೆ ಕಳಿಸಿದರು.

1942ರಲ್ಲಿ ಅಮೆರಿಕದ ಪತ್ರಿಕೆಯೊಂದು ಆ ಅಪಘಾತದ ಕಥೆಯನ್ನು ಅಚ್ಚುಹಾಕಿತು. ಶತ್ರುಗಳು ವಿಮಾನವನ್ನು ಹೊಡೆದುರುಳಿಸಿದರೆಂದೇ ಅದರ ತಲೆಬರಹ ಹೇಳುತ್ತಿತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ 1986ರಲ್ಲಿ, ತಮ್ಮ ಎಪ್ಪತ್ತರ ಹೊತ್ತಿಗೆ, 'ಗೋಯಿಂಗ್ ಸೋಲೋ' ಎಂಬ ಆತ್ಮಕಥೆಯಲ್ಲಿ ಡಾಲ್ ನಡೆದದ್ದನ್ನು ನಡೆದಂತೆಯೇ ಬರೆದರು. ನೈರೋಬಿಯಲ್ಲಿ ವಿಮಾನ ಕಲಿತ 16 ಮಂದಿಯಲ್ಲಿ 13 ಮಂದಿ ಎರಡೇ ವರ್ಷದಲ್ಲಿ ಸತ್ತರೆಂದೂ ಅದರಲ್ಲಿದೆ.

ಮೊಮ್ಮಗಳ ಮುಖ ಸಪ್ಪಗಾಯಿತು. "ಹಾಗಾದರೆ ಯಾರೂ ಹೊಡೆದೇ ಇಲ್ಲವಾ ತಾತ?"

ಆಗ ನನಗೆ ಸುಬೇದಾರರ ಇನ್ನೊಂದು ಮಾತು ನೆನಪಾಯಿತು. ಅಂದು ಹಣ ಎಣಿಸಿ ಜೇಬಿಗಿಟ್ಟು, ಕೋಲು ಹಿಡಿದು ಹೊರಡುವಾಗ ಹೇಳಿದ್ದರು: "ಗುಂಡು ತಿಂದವರು ಅಲ್ಲೇ ಉಳಿದರು ಮಾರಾಯ. ಅವರದನ್ನು ನಾನು ತೆಗೆದುಕೊಳ್ಳಬಾರದು."

ಮಕ್ಕಳೇ, ನಿಮ್ಮ ಮನೆಯಲ್ಲೂ ಸೇನೆಯಲ್ಲಿದ್ದ ಅಜ್ಜ ಇದ್ದರೆ ಪಕ್ಕದಲ್ಲಿ ಕೂತು ಕೇಳಿ. ಅವರು ಹೇಳಿದಷ್ಟನ್ನೇ ಬರೆದಿಡಿ, ಉಪ್ಪುಖಾರ ಸೇರಿಸಬೇಡಿ.