ಅರವತ್ತು ಪ್ರಾಣಿ, ಹತ್ತು ಗಂಟೆ

ಎತ್ತಿನಗಾಡಿ ಓಟ ನೀವೆಲ್ಲ ನೋಡಿದ್ದೀರಿ. ನಾನು ಈಗ ಬರೆಯುತ್ತಿರುವುದು ಇನ್ನೊಂದು ಓಟದ ಬಗ್ಗೆ. ಇದರಲ್ಲಿ ಎತ್ತೂ ಇಲ್ಲ, ಗಾಡಿಯೂ ಇಲ್ಲ, ಧೂಳೂ ಏಳಲ್ಲ. ಒಂದು ವಿಡಿಯೋ ಗೇಮನ್ನು ಗಡಿಯಾರ ನೋಡಿಕೊಂಡು ಎಷ್ಟು ಬೇಗ ಮುಗಿಸಬಹುದು ಅನ್ನುವ ಓಟ. ಇದಕ್ಕೆ ಸ್ಪೀಡ್‌ರನ್ ಎಂದು ಹೆಸರು.

ಆಟದ ಹೆಸರು ಪೋಕೆಮಾನ್. ಟಿ.ವಿ.ಯಲ್ಲಿ ಕಾರ್ಟೂನ್ ನೋಡಿದವರಿಗೆ ಗೊತ್ತಿರುತ್ತೆ. 1996ರಲ್ಲಿ ಜಪಾನಿನಲ್ಲಿ ಈ ಆಟ ಮೊದಲು ಬಂತು. ಇದನ್ನು ಮಾಡಿದ ಸಾತೋಶಿ ತಾಜಿರಿ ಎಂಬುವರು ಚಿಕ್ಕಂದಿನಲ್ಲಿ ಹುಳು ಹಿಡಿದು ಕೂಡಿಹಾಕುತ್ತಿದ್ದರಂತೆ. ಅದೇ ಆಸೆಯಿಂದ ಈ ಆಟ ಹುಟ್ಟಿತು. ನಾವು ಜೀರ್ಜಿಂಬೆ ಹಿಡಿದು ಬೆಂಕಿಪೊಟ್ಟಣದಲ್ಲಿ ಸೊಪ್ಪು ಹಾಕಿ ಸಾಕುತ್ತೇವಲ್ಲ, ಹಾಗೇ ಇದರಲ್ಲಿ ವಿಚಿತ್ರ ಪ್ರಾಣಿಗಳನ್ನು ಹಿಡಿದು ಚೆಂಡಿನೊಳಗೆ ಇಟ್ಟುಕೊಳ್ಳಬೇಕು. ಅವುಗಳನ್ನು ಕಾದಾಡಿಸಿ ಎಂಟು ಊರಿನಲ್ಲಿ ಎಂಟು ಬ್ಯಾಡ್ಜ್ ಗೆಲ್ಲಬೇಕು. ಕೊನೆಗೆ ನಾಲ್ಕು ಜನ ಘಟಾನುಘಟಿಗಳನ್ನೂ ಆಮೇಲೆ ಚಾಂಪಿಯನ್‌ನನ್ನೂ ಸೋಲಿಸಬೇಕು.

ನಾವು ಆಡಿದ್ದು ಫೈರ್‌ರೆಡ್. ಹಳೇ ಆಟವನ್ನೇ 2004ರಲ್ಲಿ ಹೊಸದಾಗಿ ಮಾಡಿದ್ದು ಇದು. ಮೈಸೂರಿನಲ್ಲಿರುವ ನಮ್ಮ ಮಾವನ ಮಗ ಅಕ್ಕನ ಫೋನಿಗೆ ಹಾಕಿಕೊಟ್ಟಿದ್ದ. ಹಳೇ ಆಟದಲ್ಲಿ ಇಲ್ಲದ ಏಳು ದ್ವೀಪಗಳು ಇದರಲ್ಲಿ ಹೆಚ್ಚಿಗೆ ಇವೆ. 2019ರಲ್ಲಿ ಬಂದ ಸ್ವೋರ್ಡ್ ಮತ್ತು ಶೀಲ್ಡ್ ಎಂಬ ಆಟಕ್ಕೆ 2020ರಲ್ಲಿ ಒಂದು ದ್ವೀಪ, ಆಮೇಲೆ ಒಂದು ಹಿಮದ ಪ್ರದೇಶ ಸೇರಿಸಿದರು. ಆದರೆ ಅವಕ್ಕೆ ಬೇರೆ ದುಡ್ಡು. ನಮ್ಮದರಲ್ಲಿ ದ್ವೀಪ ಪುಕ್ಕಟೆ, ಆದರೆ ಸುಮ್ಮನೆ ಬಿಡಲ್ಲ. ನಮ್ಮ ಶ್ರೀರಂಗಪಟ್ಟಣವೂ ದ್ವೀಪವೇ, ನಮಗೆ 1804ರ ವೆಲ್ಲೆಸ್ಲಿ ಸೇತುವೆಯೂ ಇದೆ, ಹೊಸ ಸೇತುವೆಯೂ ಇದೆ. ಆಟದಲ್ಲಿ ದೋಣಿಗೆ ಪಾಸು ಬೇಕು. ಮೊದಲ ಮೂರು ದ್ವೀಪಕ್ಕೆ ನಡುವೆಯೇ ಕರೆದುಕೊಂಡು ಹೋಗುತ್ತಾರೆ. ಉಳಿದ ನಾಲ್ಕಕ್ಕೆ ಹೋಗಬೇಕಾದರೆ ಚಾಂಪಿಯನ್‌ನನ್ನು ಸೋಲಿಸಿದರೆ ಸಾಲದು, 60 ಜಾತಿಯ ಪ್ರಾಣಿ ಹಿಡಿದಿರಬೇಕು. ಆಗ ಪ್ರೊಫೆಸರ್ ಓಕ್ ದೊಡ್ಡ ಪಟ್ಟಿ ಕೊಡುತ್ತಾರೆ. ಆಮೇಲೆ ಬೆಂಕಿಬೆಟ್ಟದೊಳಗಿಂದ ಒಂದು ಕೆಂಪು ಹರಳು ತಂದುಕೊಟ್ಟರೆ ಪಾಸು ಸಿಗುತ್ತೆ.

ಇದು ಸ್ಪೀಡ್‌ರನ್ ಮಾಡುವವರಿಗೆ ಪಕ್ಕಾ ಉಲ್ಟಾ. 1996ರ ಆಟವನ್ನು ಓಡಿಸುವ ಗಟ್ಟಿಗರು ಎರಡು ಗಂಟೆಯೊಳಗೆ ಮುಗಿಸುತ್ತಾರೆ. ಅವರು ನಿಡೋರಾನ್ ಎಂಬ ಒಂದು ಪ್ರಾಣಿ ಹಿಡಿದು, ಅದನ್ನೇ ನಿಡೋಕಿಂಗ್ ಮಾಡಿ, ಹೆಚ್ಚುಕಡಿಮೆ ಅದೊಂದರಿಂದಲೇ ಎಲ್ಲರನ್ನೂ ಹೊಡೆಯುತ್ತಾರೆ. ಬೇರೆ ಪ್ರಾಣಿ ಹಿಡಿಯುವುದು ಅವರಿಗೆ ದಂಡ.

ನಮಗೆ ಯಾಕೆ ಅವಸರ ಎಂದರೆ, ಅಕ್ಕ ಎಸ್.ಎಸ್.ಎಲ್.ಸಿ. ಪಾಸಾಗಿ ಪಿ.ಯು.ಸಿ.ಗೆ ಹಾಸ್ಟೆಲ್‌ಗೆ ಹೊರಟಿದ್ದಳು. ಫೋನೂ ಅವಳ ಜೊತೆ ಹೋಗುತ್ತೆ. ಹಗಲು ಫೋನು ಅಪ್ಪಾಜಿ ಹತ್ತಿರ ಗದ್ದೆಯಲ್ಲಿರುತ್ತೆ. ನಮಗೆ ಸಿಗೋದು ಸಾಯಂಕಾಲ ಏಳರಿಂದ ಎಂಟು, ಅವ್ವ ಊಟಕ್ಕೆ ಕರೆಯುವ ತನಕ. ಲೆಕ್ಕ ಹಾಕಿದಾಗ ಹತ್ತು ಸಾಯಂಕಾಲ ಉಳಿದಿತ್ತು, ಅಂದರೆ ಹತ್ತು ಗಂಟೆ. ಮೊದಲನೇ ಸಲ ನಾವು ಈ ಆಟ ಮುಗಿಸಲು 31 ಗಂಟೆ ತೆಗೆದುಕೊಂಡಿದ್ದೆವು, ದ್ವೀಪ ನೋಡದೆ.

ಅಕ್ಕನಿಗೆ ದ್ವೀಪ ನೋಡಲೇಬೇಕು. ಅವಳಿಗೆ ಮೊದಲಿಂದಲೂ ಕೂಡಿಹಾಕುವ ಚಾಳಿ. ರಂಗನತಿಟ್ಟಿಗೆ ಹೋದಾಗ ದೋಣಿಯಲ್ಲಿ ಎಲ್ಲರೂ ಮೊಸಳೆ ಮೊಸಳೆ ಅಂತ ಕೂಗುತ್ತಿದ್ದರೆ ಅವಳು ಹಕ್ಕಿ ಹೆಸರು ಬರೆದುಕೊಳ್ಳುತ್ತಿದ್ದಳು. ನನಗೆ ಬೇಕಾದ್ದು ಗಡಿಯಾರ. ಕೊನೆಗೆ ಒಪ್ಪಂದ ಆಯಿತು. ಓಡುವುದು ನಾನು, ಹಿಡಿಯುವುದು ಅವಳು. ಫೋನಿನಲ್ಲಿ ಆಟವನ್ನು ವೇಗವಾಗಿ ಓಡಿಸುವ ಗುಂಡಿ ಇದೆ, ಅದನ್ನು ಮುಟ್ಟಬಾರದು. ಅದು ಮೋಸ. ಎಂಟು ಗಂಟೆಗೆ ಮಾತ್ರ ಸೇವ್ ಮಾಡಬೇಕು.

ಬೇಗ ಮುಗಿಸುವುದು ಎಂದರೆ ಬೆರಳು ಜೋರಾಗಿ ಒತ್ತುವುದು ಅಂತ ತಿಳಿಯಬೇಡಿ. ಏನನ್ನು ಬಿಡಬೇಕು ಅಂತ ಗೊತ್ತಿರಬೇಕು. ಮೊದಲು ಅಕ್ಷರ ಬರುವ ವೇಗ ಹೆಚ್ಚಿಸಬೇಕು, ಕಾದಾಟದ ಚಿತ್ರ ನಿಲ್ಲಿಸಬೇಕು. ನಮ್ಮ ಹೆಸರು ಒಂದೇ ಅಕ್ಷರ ಇಡಬೇಕು, ಯಾಕೆಂದರೆ ಆ ಹೆಸರು ನೂರಾರು ಸಲ ಬರುತ್ತೆ. ಮೊದಲ ಬ್ಯಾಡ್ಜ್ ಆದ ಮೇಲೆ ಓಡುವ ಬೂಟು ಕೊಡುತ್ತಾರೆ, ಅಲ್ಲೀವರೆಗೂ ನಡಿಗೆಯೇ. ಆಮೇಲೆ ಸೈಕಲ್ಲು ಸಿಗುತ್ತೆ. ಹುಲ್ಲಿಗೆ ಕಾಲಿಡುವ ಮುಂಚೆ ರಿಪೆಲ್ ಹಾಕಿಕೊಂಡರೆ ಸಣ್ಣಪುಟ್ಟ ಪ್ರಾಣಿ ಅಡ್ಡ ಬರಲ್ಲ. ಕಲ್ಲಿನ ಸುರಂಗ ಒಂದಿದೆ, ಒಳಗೆ ಕಗ್ಗತ್ತಲು. ದೀಪದ ವಿದ್ಯೆ ಕಲಿಸಬಹುದು, ಅದಕ್ಕೂ ಸಮಯ ಬೇಕು. ನಾನು ಗೋಡೆ ತಿರುವುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕತ್ತಲಲ್ಲೇ ನುಗ್ಗಿದೆ. ಕರೆಂಟು ಹೋದಾಗ ನಮ್ಮ ಬೀದಿಯಲ್ಲಿ ನಾವು ಓಡಾಡಲ್ವಾ, ಹಾಗೆ.

ಅಕ್ಕನೂ ದಡ್ಡಿ ಅಲ್ಲ. ಹಸಿರು ಹುಳ ಒಂದನ್ನು ಹಿಡಿದರೆ ಅದು ಏಳನೇ ಮಟ್ಟಕ್ಕೆ ಗೂಡು ಆಗುತ್ತೆ, ಹತ್ತನೇ ಮಟ್ಟಕ್ಕೆ ಚಿಟ್ಟೆ ಆಗುತ್ತೆ. ಒಂದು ಹಿಡಿದರೆ ಲೆಕ್ಕಕ್ಕೆ ಮೂರು! ಮುಳ್ಳಿನ ಹುಳಕ್ಕೂ ಹಾಗೇ. ಚಂದ್ರಿಕೆಯಲ್ಲಿ ರೇಷ್ಮೆ ಹುಳ ನೋಡಿದವಳಿಗೆ ಇದು ಬೇಗ ಹೊಳೆಯಿತು. ಅವಳು ಅಂಥವನ್ನೇ ಆರಿಸಿ ಹಿಡಿದಳು.

ಜಗಳ ಆಗಿದ್ದು ಮ್ಯಾಜಿಕಾರ್ಪ್ ಎಂಬ ಮೀನಿಗೆ. ಒಬ್ಬ ಮನುಷ್ಯ ಅದನ್ನು 500ಕ್ಕೆ ಮಾರುತ್ತಾನೆ, ಅರ್ಧ ನಿಮಿಷದ ಕೆಲಸ. ಅಕ್ಕ ಒಪ್ಪಲಿಲ್ಲ. "ಕಾವೇರಿ ದಂಡೇಲಿ ಹುಟ್ಟಿ ಯಾರಾದ್ರೂ ಐನೂರು ಕೊಟ್ಟು ಮೀನು ತಕ್ಕತಾರೇನ್ಲಾ?" ಅಂದಳು. ಮುಂದಿನ ಊರಿನಲ್ಲಿ ಗಾಳ ಇಸ್ಕೊಂಡು, ತಾನೇ ಹಿಡಿದು, ಅಷ್ಟಕ್ಕೂ ಬಿಡದೆ ಹಿಂದಕ್ಕೆ ಸುರಂಗದಲ್ಲಿ ಹೋಗಿ ಪ್ರಾಣಿ ಸಾಕುವ ಮುದುಕನ ಮನೆಯಲ್ಲಿ ಅದನ್ನು ಬಿಟ್ಟುಬಂದಳು. ಒಟ್ಟು ಏಳು ನಿಮಿಷ ಹೋಯಿತು. ನಾನು ಗಡಿಯಾರ ನೋಡುತ್ತಾ ಮಾತಾಡದೆ ಕುಳಿತಿದ್ದೆ.

ಆ ಮನೆಯ ಗುಟ್ಟು ಏನೆಂದರೆ, ಆಟಗಾರ ಎಲ್ಲೇ ಓಡಲಿ, ಒಂದು ಹೆಜ್ಜೆಗೆ ಒಂದು ಅಂಕದಂತೆ ಅಲ್ಲಿರುವ ಪ್ರಾಣಿಗೆ ಸೇರುತ್ತೆ. ಆ ಮೀನು 20ನೇ ಮಟ್ಟ ಮುಟ್ಟಲು ಸುಮಾರು ಹತ್ತು ಸಾವಿರ ಹೆಜ್ಜೆ ಬೇಕು. ಅಂದರೆ ನಾನು ಬ್ಯಾಡ್ಜ್ ಗೆಲ್ಲಲು ಓಡಿದ್ದೆಲ್ಲ ಅವಳ ಮೀನಿಗೆ ಜಮಾ ಆಗುತ್ತಿತ್ತು.

ನಡುವಿನ ದಿನಗಳ ಬಗ್ಗೆ ಹೆಚ್ಚು ಹೇಳಲ್ಲ. ಒಂದು ದಿನ ಮಳೆ ಬಂದು ಕರೆಂಟು ಹೋಗಿ ಚಾರ್ಜ್ ಸಾಲದೆ ಇಪ್ಪತ್ತು ನಿಮಿಷವೇ ಆಡಿದೆವು. ಅವ್ವನನ್ನು ಕೇಳಿ ಮಾರನೇ ದಿನ ನಲವತ್ತು ನಿಮಿಷ ಹೆಚ್ಚು ಇಸ್ಕೊಂಡೆವು. ಒಂಬತ್ತನೇ ಸಾಯಂಕಾಲ ಚಾಂಪಿಯನ್ ಸೋತ. ಆಗ ಪಟ್ಟಿಯಲ್ಲಿ 59 ಇತ್ತು.

ಹತ್ತನೇ ಸಾಯಂಕಾಲ ಅಕ್ಕನ ಟ್ರಂಕು ಕಟ್ಟಿ ಪಡಸಾಲೆಯಲ್ಲಿ ಇಟ್ಟಿದ್ದರು. ನಾವು ಅದರ ಮೇಲೇ ಕುಳಿತು ಆಡಿದೆವು. ಮುದುಕನಿಗೆ ದುಡ್ಡು ಕೊಟ್ಟು ಮೀನು ಬಿಡಿಸಿಕೊಂಡು ಬಂದು, ರೇರ್ ಕ್ಯಾಂಡಿ ಎಂಬ ಮಿಠಾಯಿ ತಿನ್ನಿಸಿದೆವು. ಅದು ಉಬ್ಬಿ ಗ್ಯಾರಡೋಸ್ ಎಂಬ ಹಾವಿನಂಥ ದೊಡ್ಡ ಪ್ರಾಣಿ ಆಯಿತು. ಅದೇ ಅರವತ್ತನೆಯದು. ಆಟದ ಗಡಿಯಾರದಲ್ಲಿ 9 ಗಂಟೆ 24 ನಿಮಿಷ. ಓಕ್ ಹತ್ತಿರ ಪಟ್ಟಿ, ಬೆಂಕಿಬೆಟ್ಟ, ಕೆಂಪು ಹರಳು, ಪಾಸು. ಅವ್ವ ಎರಡು ಸಲ ಕರೆದಳು. ನಾಲ್ಕನೇ ದ್ವೀಪಕ್ಕೆ ದೋಣಿ ಮುಟ್ಟಿದಾಗ 9 ಗಂಟೆ 53 ನಿಮಿಷ.

ಓಟ ಅಲ್ಲಿಗೆ ಮುಗಿಯಿತು. ಉಳಿದ ಏಳು ನಿಮಿಷ ಅಕ್ಕನದು. ಅವಳು ನಿಧಾನವಾಗಿ ನಡೆದುಕೊಂಡು ಒಂದು ಮನೆಯೊಳಗೆ ಹೋದಳು. ಅದು ಲೊರೆಲೈ ಮನೆ. ನಾಲ್ಕು ಘಟಾನುಘಟಿಗಳಲ್ಲಿ ಮೊದಲನೆಯವಳು, ಮಂಜಿನ ಪ್ರಾಣಿಗಳಿಂದ ನಮ್ಮನ್ನು ಎಷ್ಟೋ ಸಲ ಹೊಡೆದವಳು. ಅವಳ ಮನೆ ತುಂಬಾ ಗೊಂಬೆಗಳು. ಅಕ್ಕ ಒಂದೊಂದೇ ಗೊಂಬೆ ನೋಡಿ, "ಇವ್ಳಿಗೂ ಒಂದು ಊರೈತೆ ಕಣ್ಲಾ" ಅಂದಳು. ನಾನು ಏನೂ ಹೇಳಲಿಲ್ಲ. ಊಟಕ್ಕೆ ಎದ್ದೆವು.

ಈಗ ಅಕ್ಕ ಹಾಸ್ಟೆಲ್‌ನಲ್ಲಿದ್ದಾಳೆ. ಭಾನುವಾರ ಫೋನ್ ಮಾಡಿದಾಗ ಏಳನೇ ದ್ವೀಪ ಮುಟ್ಟಿದೆ ಅಂದಳು, 81 ಪ್ರಾಣಿ ಆಗಿದೆಯಂತೆ. ಗಡಿಯಾರ ಎಷ್ಟು ಅಂತ ಕೇಳಿದೆ, ನೋಡಿಲ್ಲ ಅಂದಳು!

ಸುರಂಗದ ತಿರುವು, ಯಾವ ಪ್ರಾಣಿ ಎಲ್ಲಿ ಸಿಗುತ್ತೆ, ಪ್ರತಿ ಬ್ಯಾಡ್ಜ್‌ಗೆ ಎಷ್ಟು ನಿಮಿಷ ಆಯಿತು ಎಲ್ಲವನ್ನೂ ಬರೆದಿರುವ ನೋಟ್‌ಬುಕ್ ನನ್ನ ಹತ್ತಿರವೇ ಇದೆ. ಯಾರ ಮನೆಯ ಫೋನಿನಲ್ಲಾದರೂ ಈ ಆಟ ಇದ್ದರೆ ಬಂದು ಕೇಳಿ ಇಸ್ಕೊಳ್ಳಿ. ಹಾಳೆ ಮಾತ್ರ ಹರಿಯಬೇಡಿ.

– 7ನೇ ತರಗತಿ